ಕಾಟಾ ಸರಿ ಇದೆ, ಕಳ್ಳ ನಾನಲ್ಲ

ನಿನ್ನೆ ರಾತ್ರಿ ಮುಧೋಳ ಕಡೆಯ ಕಾಕಾ ಒಬ್ಬರು ಎರಡು ಟ್ರೇಲರ್ ಕಬ್ಬು ಹೇರಿಕೊಂಡು ನಮ್ಮ ಕಾಟಾಕ್ಕೆ, ಅಂದರೆ ಗಾಡಿ ಸಮೇತ ತೂಗೋ ಕಟ್ಟೆಗೆ, ಬಂದರು. ಮೀಟರಿನಲ್ಲಿ ಕೆಂಪು ಅಂಕಿ: 28,460 ಕೆಜಿ. ಪ್ರಿಂಟರಿನಿಂದ ಬಂದ ಚೀಟಿಯಲ್ಲಿ 8,460. ಕಾಕಾ ಚೀಟಿಯನ್ನು ಬಲ್ಬಿನ ಬೆಳಕಿಗೆ ಹಿಡಿದು ಎರಡು ಸಲ ನೋಡಿದರು. "ಏನ್ ತಮ್ಮಾ, ಇಪ್ಪತ್ತು ಟನ್ ಕಬ್ಬು ಎಲ್ಲಿ ಹೋತು?"

ಹಿಂದೆ ನಿಂತ ಟ್ರ್ಯಾಕ್ಟರಿನವರೆಲ್ಲ ಇಳಿದು ಬಂದರು. ಕಾಟಾದವ ಅಂದರೆ ಮೊದಲೇ ಅನುಮಾನ. ಹನ್ನೆರಡು ವರ್ಷ ಒಂದು ಕೆಜಿ ಆಚೀಚೆ ಮಾಡದೆ ದುಡಿದಿದ್ದೇನೆ. ಆ ಹೊತ್ತಿನಲ್ಲಿ ಅದನ್ನು ಯಾರು ಕೇಳುತ್ತಾರೆ?

ಕೆಳಗಿಂದ ತೂಕ ಹಿಡಿಯೋ ಲೋಡ್ ಸೆಲ್ ಸರಿ ಇದೆ. ಮೀಟರ್ ಸರಿ ಇದೆ. ಕೆಟ್ಟಿರೋದು ಮೀಟರಿನಿಂದ ಕಂಪ್ಯೂಟರಿಗೆ ಹೋಗೋ ದಾರಿ. 15 ಮೀಟರ್ ಉದ್ದದೊಳಗೆ ಇರಬೇಕಾದ, ಅಂಕಿ ಸಾಗಿಸೋ ಆರ್‌ಎಸ್-232 ಕೇಬಲ್ಲನ್ನು 40 ಮೀಟರ್ ಎಳೆದಿದ್ದಾರೆ. ಅದೂ ಬೋರ್‌ವೆಲ್ ಮೋಟಾರಿನ ವೈರಿಗೆ ಕಟ್ಟಿ! ಇದರಲ್ಲಿ ಎಣಿಕೆಗೆ ತಾಳ ಕೊಡೋ ಕ್ಲಾಕ್‌ಗೆ ಬೇರೆ ತಂತಿ ಇರಲ್ಲ. ಪ್ರತಿ ಅಕ್ಷರದ ಮುಂದೆ ಬರೋ ಸ್ಟಾರ್ಟ್ ಬಿಟ್, ಅಂದರೆ ಅಕ್ಷರ ಶುರು ಅನ್ನೋ ಸಂಕೇತ, ನೋಡಿಕೊಂಡೇ ಕಂಪ್ಯೂಟರ್ ಮುಂದಿನ ಬಿಟ್‌ಗಳನ್ನು (0, 1ಗಳನ್ನು) ಎಣಿಸಬೇಕು. 9600 ಬಾಡ್ (ಸೆಕೆಂಡಿಗೆ 9600 ಬಿಟ್) ಅಂದರೆ ಒಂದು ಬಿಟ್‌ಗೆ ಸಿಗೋದು ಸುಮಾರು 104 ಮೈಕ್ರೋಸೆಕೆಂಡ್. ಮೋಟಾರ್ ಚಾಲೂ ಆದಾಗ ಲೈನಿಗೆ ಹೊಡೆತ ಬಿದ್ದು ಒಂದು ಅಕ್ಷರ ಹಾಳಾದರೆ ಮುಗೀತು.

ಹೋಗಲಿ, ಒಂದು ತೂಕ ತಪ್ಪಿ ಮುಂದಿನದು ಸರಿ ಬರಬೇಕು ಅಲ್ವಾ? ಬರಲ್ಲ. ನಮ್ಮ ಮೀಟರ್ ಪ್ರತಿ ತೂಕಕ್ಕೂ ಏಳು ಅಕ್ಷರ ಕಳಿಸುತ್ತದೆ. ಮೊದಲು ಎಸ್‌ಟಿಎಕ್ಸ್ ಅನ್ನೋ ಗುರುತು, ಅಂದರೆ ಇಲ್ಲಿಂದ ಶುರು ಅಂತ. ಆಮೇಲೆ ಐದು ಅಂಕಿ, ಕೊನೆಗೆ ಇನ್ನೊಂದು ಗುರುತು. ಸಾಫ್ಟ್‌ವೇರ್ ಆ ಮೊದಲ ಗುರುತನ್ನು ಆನ್ ಮಾಡಿದಾಗ ಒಮ್ಮೆ ಮಾತ್ರ ಹುಡುಕುತ್ತದೆ. ಆಮೇಲೆ ಕಣ್ಣು ಮುಚ್ಚಿ ಏಳೇಳು ಎಣಿಸಿ, ಮೊದಲನೆಯದನ್ನು ಬಿಟ್ಟು ಮುಂದಿನ ಐದು ಓದುತ್ತದೆ. ನಡುವೆ ಒಂದು ಅಕ್ಷರ ಬಿದ್ದುಹೋದರೆ ಎಣಿಕೆ ಒಂದು ಮನೆ ಸರಿಯಿತು. ಆಗ ಬಿಟ್ಟುಹೋಗೋದು ಗುರುತಲ್ಲ, 28,460ರ 2. ಮೋಟಾರ್ ಬಂದ್ ಮಾಡಿದರೂ ಮುಂದಿನ ಎಲ್ಲ ಗಾಡಿಗಳಿಗೂ ಇದೇ ಪಾಡು. ಮಗನ ಲ್ಯಾಪ್‌ಟಾಪಿಗೆ ಲೈನ್ ಕೊಟ್ಟು, ಒಂದೊಂದು ಅಕ್ಷರ ನೋಡಿ ಇದನ್ನು ನಾನೇ ಕಂಡುಹಿಡಿದೆ.

ಸಾಫ್ಟ್‌ವೇರ್ ಕೊಟ್ಟ ಕಂಪನಿಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕೂ ಸಲ ಒಂದೇ ಮಾತು: "ರೀಸ್ಟಾರ್ಟ್ ಮಾಡ್ರಿ, ಸರಿ ಆಗ್ತದ." ಆಗುತ್ತದೆ, ಮತ್ತೆ ಗುರುತು ಹುಡುಕುತ್ತಲ್ಲ! ಮುಂದಿನ ಸಲ ಮೋಟಾರ್ ಚಾಲೂ ಆಗೋ ತನಕ. ಪ್ರತಿ ತೂಕಕ್ಕೂ ಗುರುತು ನೋಡೋಕೆ ನಾಲ್ಕು ಸಾಲು ಬರೆದರೆ ಸಾಕು, ಅದಕ್ಕೂ ಇವರಿಗೆ ಪುರುಸೊತ್ತಿಲ್ಲ. ವರ್ಷದ ಸರ್ವಿಸ್ ದುಡ್ಡು ಮಾತ್ರ ಮುಂಗಡ ಬೇಕು.

ಕಾಕಾನನ್ನು ಮೀಟರಿನ ಮುಂದೆ ಕರೆದುಕೊಂಡು ಹೋಗಿ, ಅವರ ಕಣ್ಣೆದುರೇ ಪೆನ್ನಿನಲ್ಲಿ 28,460 ಬರೆದುಕೊಟ್ಟೆ. ಚೀಟಿ ಮಡಚಿ ಜೇಬಿಗಿಟ್ಟುಕೊಂಡು, ಒಂದು ಮಾತೂ ಆಡದೆ ಗಾಡಿ ಹತ್ತಿದರು. ಇಷ್ಟು ವರ್ಷದಲ್ಲಿ ಅವರು "ಬರ್ತೀನಿ ತಮ್ಮಾ" ಅನ್ನದೆ ಹೋದದ್ದು ಇದೇ ಮೊದಲು.