ಅವರಿಗಿದ್ದರೆ ನಮಗೇಕಿಲ್ಲ?

ಮಂಗಳೂರು–ಉಡುಪಿ ಹೆದ್ದಾರಿಯಿಂದ ಒಳಗೆ ತಿರುಗುವ ಯಾವ ರಸ್ತೆಯನ್ನಾದರೂ ಹಿಡಿಯಿರಿ. ಎರಡು ಕಿಲೋಮೀಟರಿನೊಳಗೆ ಒಂದು ದೇವಸ್ಥಾನ, ಭೂತಗಳನ್ನು ಆರಾಧಿಸುವ ಒಂದು ದೈವಸ್ಥಾನ, ಕೋಟಿ-ಚೆನ್ನಯರೆಂಬ ವೀರರನ್ನು ಪೂಜಿಸುವ ಒಂದು ಗರಡಿ, ಒಂದು ಭಜನಾ ಮಂದಿರ, ನಾಲ್ಕೈದು ಕುಟುಂಬಗಳ ನಾಗಬನ, ಒಂದು ಇಗರ್ಜಿ, ಒಂದು ಮಸೀದಿ ಸಿಗದಿದ್ದರೆ ನೀವು ದಾರಿ ತಪ್ಪಿದ್ದೀರಿ. ಮೂಡಬಿದಿರೆ, ಕಾರ್ಕಳದ ಕಡೆ ಹೋದರೆ ಬಸದಿಯೂ ಸೇರಿಕೊಳ್ಳುತ್ತದೆ. ಇಷ್ಟು ಬಗೆಯ ದೇವರು ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಕಾಲ ಒಟ್ಟಿಗೆ ಇದ್ದದ್ದು ಸಣ್ಣ ಸಂಗತಿಯಲ್ಲ. ಮೂಲ್ಕಿಯ ಬಪ್ಪನಾಡಿನಲ್ಲಿ ದುರ್ಗಾಪರಮೇಶ್ವರಿಗೆ ಗುಡಿ ಕಟ್ಟಿಸಿದ್ದು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಎಂಬ ಐತಿಹ್ಯವನ್ನು ಊರವರು ಇಂದಿಗೂ ಹೇಳುತ್ತಾರೆ. ದೇವರುಗಳ ನಡುವೆ ತಕರಾರಿಲ್ಲ. ತಕರಾರು ಇರುವುದು ಸಮಿತಿಗಳಿಗೆ. ಎಲ್ಲ ಸಮಿತಿಗಳೂ ಒಪ್ಪಿಕೊಂಡ ಮೂಲಮಂತ್ರ ಒಂದೇ: ಅವರಿಗಿದ್ದರೆ ನಮಗೇಕಿಲ್ಲ?

ಗುಡಿಯ ದೇವರಿಗೆ ಕಲಶಾಭಿಷೇಕ ಮಾಡಿ ಸಾನ್ನಿಧ್ಯ ತುಂಬಿಸುವ ಬ್ರಹ್ಮಕಲಶಕ್ಕೆ ಹನ್ನೆರಡು ವರ್ಷದ ಲೆಕ್ಕ ಉಂಟು. ಅದಕ್ಕೆ ಮುಂಚಿನ ಮುಹೂರ್ತಗಳಿಗೆ ಯಾವ ಲೆಕ್ಕವೂ ಇಲ್ಲ. ಮನವಿ ಪತ್ರ ಬಿಡುಗಡೆ, ಕಾರ್ಯಾಲಯ ಉದ್ಘಾಟನೆ, ಆಮಂತ್ರಣ ಪತ್ರಿಕೆ ಬಿಡುಗಡೆ, ಚಪ್ಪರ ಮುಹೂರ್ತ, ಉಗ್ರಾಣ ಮುಹೂರ್ತ. ಒಂದೊಂದಕ್ಕೂ ದೀಪ, ವೇದಿಕೆ, ಶಾಲು, ಸ್ಮರಣಿಕೆ. ಪತ್ರಿಕೆಯ ಮುಖಪುಟ ದೇವರಿಗೆ, ಉಳಿದ ಹದಿನೈದು ಪುಟ ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಸಂಚಾಲಕರು ಮತ್ತು ಉಪಸಮಿತಿಗಳಿಗೆ. ಹೊರೆಕಾಣಿಕೆಗೆ (ಊರವರು ಮೆರವಣಿಗೆಯಲ್ಲಿ ತರುವ ಅಕ್ಕಿ, ಕಾಯಿಗಳ ಕಾಣಿಕೆ), ಪ್ರಚಾರಕ್ಕೆ, ಪಾರ್ಕಿಂಗಿಗೆ, ಗಣ್ಯರ ಸ್ವಾಗತಕ್ಕೆ ಎಲ್ಲಕ್ಕೂ ಉಪಸಮಿತಿ ಇದೆ. ಊಟವಾದ ಮೇಲೆ ಪಾತ್ರೆ ತೊಳೆಯುವುದಕ್ಕೆ ಮಾತ್ರ ಇಲ್ಲ, ಅದು ಭಕ್ತರ ಕರಸೇವೆ. ಹೆಸರು ಬಿಟ್ಟುಹೋದವರನ್ನು ಸಮಾಧಾನಪಡಿಸಲೆಂದೇ ಹಿರಿಯರು ಕೊನೆಗೆ ‘ಊರ ಹತ್ತು ಸಮಸ್ತರು’ ಎಂಬ ಸಾಲು ಇಟ್ಟಿದ್ದರು. ಈಗ ಆ ಹತ್ತು ಸಮಸ್ತರಲ್ಲಿ ಒಬ್ಬನಾಗಲು ಯಾರೂ ತಯಾರಿಲ್ಲ, ಹಾಗಾಗಿ ಎರಡನೇ ಮುದ್ರಣ. ಇಗರ್ಜಿಯ ವಾರ್ಷಿಕ ಹಬ್ಬವಾದ ಸಾಂತ್‌ಮಾರಿಗೆ ಒಂಬತ್ತು ದಿನದ ನೊವೆನಾ ಪ್ರಾರ್ಥನೆ, ಮಸೀದಿಯ ಸ್ವಲಾತ್ ಪ್ರಾರ್ಥನಾ ಕೂಟದ ವಾರ್ಷಿಕಕ್ಕೆ ರಾತ್ರಿಯ ಮತಪ್ರಭಾಷಣ, ಅಂದರೆ ಧಾರ್ಮಿಕ ಪ್ರವಚನ. ಕಾರ್ಯಕ್ರಮ ಬೇರೆ ಬೇರೆ, ಹೆಸರಿನ ಜಗಳ ಒಂದೇ.

ಪತ್ರಿಕೆಯಲ್ಲಿ ಹಿಡಿಸದವರು ಫ್ಲೆಕ್ಸಿಗೆ ಬರುತ್ತಾರೆ. ರಾಜ್ಯ ಸರಕಾರ ಪ್ಲಾಸ್ಟಿಕ್ ಬ್ಯಾನರು, ಬಂಟಿಂಗ್ಸು, ಫ್ಲೆಕ್ಸುಗಳನ್ನು ನಿಷೇಧಿಸಿದ್ದು 2016ರ ಮಾರ್ಚ್‌ನಲ್ಲಿ. ಆ ಸುದ್ದಿ ಫ್ಲೆಕ್ಸ್ ಅಂಗಡಿಗೆ ಇನ್ನೂ ಮುಟ್ಟಿಲ್ಲ. ಊರಿನ ನಿಜವಾದ ಸೌಹಾರ್ದ ಕೇಂದ್ರ ಇದೇ ಅಂಗಡಿ. ಒಬ್ಬನೇ ಹುಡುಗ, ಒಂದೇ ಕಂಪ್ಯೂಟರು. ಕೇಸರಿ ಹಿನ್ನೆಲೆಯ ಫೈಲಿಗೆ ಹಸಿರು ಬಳಿದರೆ ಉರೂಸ್, ನೀಲಿ ಬಳಿದರೆ ಕ್ರಿಶ್ಚಿಯನ್ನರ ತೆನೆ ಹಬ್ಬ. ನುಡಿ ತಂತ್ರಾಂಶದ ಅಕ್ಷರದಿಂದ ಯೂನಿಕೋಡಿಗೆ ತಿರುಗಿಸುವಾಗ ಒತ್ತಕ್ಷರ ಹಾರಿಹೋಗಿ ಬ್ರಹ್ಮಕಲಶ ‘ಬ್ರಹಕಲಶ’ವಾಗುವುದು, ಹೋದ ವರ್ಷದ ತಾರೀಕು ಹಾಗೆಯೇ ಉಳಿಯುವುದು, ಇವು ಎಲ್ಲ ಧರ್ಮದವರಿಗೂ ಸಮಾನವಾಗಿ ಸಿಗುತ್ತವೆ.

ಕಟ್ಟುವುದೂ ಒಂದು ವಿದ್ಯೆ. ಹತ್ತಡಿ ಎಂಟಡಿಯ ಫ್ಲೆಕ್ಸನ್ನು ಅಡಿಕೆ ಮರದ ಸೀಳಿಗೆ ಮೊಳೆ ಹೊಡೆದು ನಿಲ್ಲಿಸಿದರೆ ಬೆಳಿಗ್ಗೆ ಚಂದ ಕಾಣುತ್ತದೆ. ಮಧ್ಯಾಹ್ನದ ಮೇಲೆ ಪಡುಗಾಳಿ ಬೀಸಿದಾಗ ಚೌಕಟ್ಟು ಸಮೇತ ರಸ್ತೆಗೆ ಮಲಗುತ್ತದೆ. ಗಾಳಿ ಆಚೆ ದಾಟಲಿ ಎಂದು ಬ್ಲೇಡಿನಲ್ಲಿ ಅಲ್ಲಲ್ಲಿ ಅರ್ಧಚಂದ್ರಾಕಾರವಾಗಿ ಸೀಳಬೇಕು. ಆ ಸೀಳು ಗೌರವಾಧ್ಯಕ್ಷರ ಮೂಗಿನ ಮೇಲೆ ಬಂದರೆ ರಾಜೀನಾಮೆ ಖಚಿತ, ದೇವರ ಮೇಲೆ ಬಂದರೆ ಯಾರೂ ಗಮನಿಸುವುದಿಲ್ಲ. ಸೀಳಲು ಪುರುಸೊತ್ತಿಲ್ಲದವರು ಮೆಸ್ಕಾಂನ ವಿದ್ಯುತ್ ಕಂಬಕ್ಕೆ ಬೈಂಡಿಂಗ್ ವಯರಿನಲ್ಲಿ ಬಿಗಿಯುತ್ತಾರೆ. ಜೀವಂತ ತಂತಿಯ ಕೆಳಗೆ ಲೋಹದ ಸರಿಗೆ ಹಿಡಿದು ಏಣಿ ಹತ್ತುವವನಿಗೆ ಮಾತ್ರ ಭಕ್ತಿ ನಿಜಕ್ಕೂ ಇದೆ ಎನ್ನಬೇಕು. ಹಬ್ಬಕ್ಕೆ ಮುಂಚೆ ಠಾಣೆಯಲ್ಲಿ ನಡೆಯುವ ಶಾಂತಿ ಸಭೆಯಲ್ಲಿ, ಮುಗಿದ ಮೂರು ದಿನದೊಳಗೆ ತೆಗೆಯುತ್ತೇವೆ ಎಂದು ಎಲ್ಲರೂ ಒಪ್ಪುತ್ತಾರೆ. ಆಮೇಲೆ ‘ಮೊದಲು ಅವರು ತೆಗೆಯಲಿ’ ಎಂದು ಕಾಯುತ್ತಾರೆ. ಕೊನೆಗೆ ತೆಗೆಯುವುದು ಮಳೆಗಾಲ. ಜೂನಿನಲ್ಲಿ ಕಟ್ಟಿಗೆ ರಾಶಿಗೆ ಹೊದಿಸಲು ಇದಕ್ಕಿಂತ ಗಟ್ಟಿ ಟಾರ್ಪಾಲು ಇಲ್ಲ. ಫ್ಲೆಕ್ಸಿನಲ್ಲಿದ್ದ ನಮ್ಮ ಜನಪ್ರತಿನಿಧಿಗಳು ಆಗ ಕೈಮುಗಿದುಕೊಂಡು ದನದ ಹಟ್ಟಿಯಲ್ಲಿ ವಾಸ.

ಇನ್ನು ಮೈಕು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಬೇಡ. ವರ್ಷಕ್ಕೆ 15 ದಿನ ಮೀರದಂತೆ 12ರವರೆಗೆ ವಿನಾಯಿತಿ ಕೊಡುವ ಅಧಿಕಾರ ಸರಕಾರಕ್ಕಿದೆ. ಈಗ ಲೆಕ್ಕ ನೋಡಿ. ಒಂದು ಮೀಟರ್ ದೂರದಲ್ಲಿ 110 ಡೆಸಿಬಲ್ ಅರಚುವ ಹಾರ್ನನ್ನು ತೆಂಗಿನ ಮರಕ್ಕೆ ಕಟ್ಟಿದರೆ, ದೂರ ಇಮ್ಮಡಿಯಾದಾಗಲೆಲ್ಲ 6 ಇಳಿಯುತ್ತದೆ. 64 ಮೀಟರ್ ಆಚೆಯ ಮನೆಯ ಜಗಲಿಗೆ ಬರುವಾಗ ಇನ್ನೂ 74. ಸಂಜೆ ಸೂರ್ಯ ಮುಳುಗುವಾಗ ಮಗ್ರಿಬ್ ಬಾಂಗ್, ಅದೇ ಹೊತ್ತಿಗೆ ಇಗರ್ಜಿಯ ಗಂಟೆ, ಅದೇ ಹೊತ್ತಿಗೆ ಮಂದಿರದ ಭಜನೆ. ಹತ್ತು ನಿಮಿಷ ಹಿಂದೆ ಮುಂದೆ ಮಾಡಿದರೆ ಮೂರೂ ಸರಿಯಾಗಿ ಕೇಳುತ್ತವೆ. ಆದರೆ ಭಜನೆಯವರು ಶ್ರುತಿಗಿಂತ ಮೊದಲು ವಾಲ್ಯೂಮ್ ಏರಿಸುತ್ತಾರೆ. ಆಂಪ್ಲಿಫಯರನ್ನು ಅದರ ಮಿತಿ ದಾಟಿ ತಿರುಗಿಸಿದರೆ ಶಬ್ದ ದೊಡ್ಡದಾಗುವುದಿಲ್ಲ, ಒಡೆಯುತ್ತದೆ. ಆ ಒಡಕಿನ ಬಿಸಿಗೆ ಹಾರ್ನಿನ ಯೂನಿಟ್ಟಿನ ಕಾಯಿಲ್ ಸುಡುತ್ತದೆ. ಸುಟ್ಟದ್ದನ್ನು ಬದಲಾಯಿಸಲು ಬರುವ ಸೌಂಡಿನವನು ಮೂರು ಕಡೆಗೂ ಒಬ್ಬನೇ. ಅವನಿಗೆ ಎಲ್ಲ ದೇವರ ಕೃಪೆಯೂ ಇದೆ.

ಇದಕ್ಕೆ ಪರಿಹಾರವೂ ಅವನಿಗೆ ಗೊತ್ತು. ಹೊರಗಿನ ಹಾರ್ನ್ ಇಳಿಸಿ, ಆವರಣದೊಳಗೆ ನಾಲ್ಕು ಸಣ್ಣ ಕಾಲಂ ಸ್ಪೀಕರುಗಳನ್ನು ತಲೆಯೆತ್ತರಕ್ಕಿಂತ ಸ್ವಲ್ಪ ಮೇಲೆ, ಒಳಮುಖವಾಗಿ ಇಟ್ಟರಾಯಿತು. ಒಳಗಿನವರಿಗೆ ಒಂದೊಂದು ಅಕ್ಷರ ಬಿಡಿಸಿ ಕೇಳುತ್ತದೆ. ಯಾವ ಸಮಿತಿಯೂ ಇದಕ್ಕೆ ಒಪ್ಪಲಿಲ್ಲ. ಹಾಗೆ ಮಾಡಿದರೆ ಪ್ರಾರ್ಥನೆ ಪ್ರಾರ್ಥಿಸುವವರಿಗೆ ಮಾತ್ರ ಕೇಳುತ್ತದಲ್ಲ!

ಇಷ್ಟೆಲ್ಲ ತಾತ್ಕಾಲಿಕ. ಶಾಶ್ವತವಾದದ್ದು ಕಮಾನು, ಅಂದರೆ ಸ್ವಾಗತ ಗೋಪುರ. ಕಾರ್ಕಳದ ಗೊಮ್ಮಟ 1432ರಿಂದ ಬೆಟ್ಟದ ಮೇಲೆ ನಿಂತಿದ್ದಾನೆ, ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ 1680ರಷ್ಟು ಹಳೆಯದು. ರಸ್ತೆಗೆ ಅಡ್ಡಲಾಗಿ ಹೆಸರು ಬರೆಸಿಕೊಳ್ಳದೆಯೂ ಜನ ಇವರನ್ನು ಹುಡುಕಿಕೊಂಡು ಬಂದರು. ಈಗಿನ ಭಕ್ತರ ಕೈಯಲ್ಲಿ ಗೂಗಲ್ ಮ್ಯಾಪ್ ಇದೆ, ಆದ್ದರಿಂದ ಕಮಾನು ಬೇಕೇ ಬೇಕು.

ಅದು ಒಮ್ಮೆಗೇ ಬರುವುದಿಲ್ಲ. ಮೊದಲ ವರ್ಷ ಉತ್ಸವಕ್ಕೆ ಮೂರು ದಿನ ಬಿದಿರಿನ ಕಮಾನು. ಎರಡನೇ ವರ್ಷ ಜಿಐ ಪೈಪಿನದ್ದು. ಬಿಚ್ಚುವ ಖರ್ಚು ಯಾಕೆ ಎಂದು ಹಾಗೆಯೇ ಬಿಡುತ್ತಾರೆ. ಮೂರನೇ ವರ್ಷ ಮುಂಬಯಿಯ ದಾನಿಯೊಬ್ಬರು ತಂದೆಯ ಸ್ಮರಣಾರ್ಥ ಕಾಂಕ್ರೀಟಿನದ್ದು ಕಟ್ಟಿಸಿಕೊಡಲು ಮುಂದೆ ಬರುತ್ತಾರೆ. ಆಗ ಸಭೆ.

“ಮಸೀದಿಯವರದ್ದು ಎಷ್ಟು ಅಡಿ ಉಂಟು ಮಾರಾಯ್ರೆ?”

“ಹದಿನೆಂಟು.”

“ಇಗರ್ಜಿಯದ್ದು?”

“ಶಿಲುಬೆ ಸೇರಿಸಿ ಇಪ್ಪತ್ತು.”

“ಹಾಗಾದ್ರೆ ನಮ್ಮದು ಇಪ್ಪತ್ತೆರಡು ಆಗ್ಲಿ. ಮೇಲೆ ಕಲಶ ಬೇರೆ.”

ಏರಿದ್ದೆಲ್ಲ ಮೇಲಕ್ಕೆ. ಕೆಳಗೆ ವಾಹನ ನುಸುಳುವ ಜಾಗ ಎಲ್ಲರದ್ದೂ ಅದೇ ಹದಿನಾಲ್ಕು ಅಡಿ. ಪೇಟೆ ರಸ್ತೆಗೆ ಎಂಜಿನಿಯರುಗಳು ಕೇಳುವುದು 5.5 ಮೀಟರ್, ಅಂದರೆ ಹದಿನೆಂಟು ಅಡಿ; ಆದರೆ ಎಂಜಿನಿಯರು ಸಮಿತಿಯಲ್ಲಿ ಇರುವುದಿಲ್ಲ, ಇದ್ದರೂ ಪ್ರಚಾರ ಉಪಸಮಿತಿಯಲ್ಲಿರುತ್ತಾರೆ. ಪರವಾನಗಿಯ ಮಾತು ಇನ್ನೂ ಚಂದ. ಸಾರ್ವಜನಿಕ ಜಾಗದಲ್ಲಿ ದೇವಸ್ಥಾನ, ಚರ್ಚ್, ಮಸೀದಿ, ಗುರುದ್ವಾರದ ಹೆಸರಿನಲ್ಲಿ ಅನಧಿಕೃತವಾಗಿ ಕಟ್ಟಬಾರದೆಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿತು. ಕಮಾನು ದೇವಸ್ಥಾನವೂ ಅಲ್ಲ, ಮಸೀದಿಯೂ ಅಲ್ಲ, ಬರೀ ಸ್ವಾಗತ. ಸ್ವಾಗತ ಬೇಡ ಎನ್ನುವ ಕೋರ್ಟು ಉಂಟೇ? ಉಂಟು. ರಸ್ತೆ, ಕಾಲುದಾರಿಗಳಲ್ಲಿ ಪ್ರತಿಮೆಗಾಗಲಿ ಬೇರೆ ಯಾವುದೇ ಕಟ್ಟಡಕ್ಕಾಗಲಿ ಅನುಮತಿ ಕೊಡಬೇಡಿ ಎಂದು ಅದೇ ಕೋರ್ಟು 2013ರ ಜನವರಿಯಲ್ಲಿ ರಾಜ್ಯಗಳಿಗೆ ಹೇಳಿತು. ಹಾಗಾಗಿ ನಮ್ಮಲ್ಲಿ ಯಾರೂ ಅನುಮತಿ ಕೊಡುವುದಿಲ್ಲ, ಉದ್ಘಾಟನೆಗೆ ಮಾತ್ರ ಎಲ್ಲರೂ ಬರುತ್ತಾರೆ.

ಕಂಬ ಎಲ್ಲಿ ಬರುತ್ತದೆ? ಡಾಮರಿನ ಮೇಲೆ ಹಾಕುವಂತಿಲ್ಲ, ಪಕ್ಕದ ಜಾಗ ಖಾಸಗಿಯವರದ್ದು, ಉಳಿದದ್ದು ಚರಂಡಿ. ನಾಲ್ಕಡಿ ಚೌಕದ ಫೂಟಿಂಗ್ ಚರಂಡಿಯಲ್ಲಿ ಕೂತರೆ ಮೊದಲ ಮಳೆಗೆ ನೀರು ರಸ್ತೆಗೆ ಏರುತ್ತದೆ. ನಿಂತ ನೀರು ಜಲ್ಲಿಯಿಂದ ಡಾಮರನ್ನು ಬಿಡಿಸುತ್ತದೆ, ಲಾರಿಯ ಚಕ್ರ ಉಳಿದದ್ದನ್ನು ಕಿತ್ತು ಹಾಕುತ್ತದೆ. ಊರಿನ ಅತಿ ದೊಡ್ಡ ಹೊಂಡ ಸರಿಯಾಗಿ ‘ಸುಸ್ವಾಗತ’ದ ಕೆಳಗೆ ಇರುವುದು ಇದೇ ಕಾರಣಕ್ಕೆ. ಹೊಂಡ ಮುಚ್ಚಲು ಬಂದವರು ಹಳೆಯ ಡಾಮರನ್ನು ಕೆರೆದು ತೆಗೆಯುವುದಿಲ್ಲ, ಅದರ ಮೇಲೆಯೇ ಎರಡಿಂಚು ಹೊಸತು ಹಾಸುತ್ತಾರೆ. ಎರಡು ಸಲ ಹೀಗಾಗಿ, ಚುನಾವಣೆಯ ವರ್ಷ ಎಂಟಿಂಚಿನ ಕಾಂಕ್ರೀಟು ಬಂದರೆ ಒಟ್ಟು ಹನ್ನೆರಡು ಇಂಚು. ಹದಿನಾಲ್ಕಡಿ ಹದಿಮೂರಾಯಿತು. ಸರಕು ಲಾರಿಗೆ ಕಾನೂನು ಬಿಟ್ಟಿರುವ ಎತ್ತರ 4 ಮೀಟರ್, ಹದಿಮೂರು ಅಡಿ ಚಿಲ್ಲರೆ.

ಆ ಚಿಲ್ಲರೆ ಗೊತ್ತಾಗುವುದು ಹೊರೆಕಾಣಿಕೆಯ ದಿನ. ಚೆಂಡೆ, ಕೊಂಬು, ಪೂರ್ಣಕುಂಭ ಹಿಡಿದವರು, ಪಿಕಪ್ಪುಗಳು ಎಲ್ಲ ದಾಟುತ್ತವೆ. ಸೀಯಾಳ, ಬಾಳೆಗೊನೆ, ಅಕ್ಕಿ ಮುಡಿ ಪೇರಿಸಿದ ದೊಡ್ಡ ಲಾರಿ ತಮ್ಮದೇ ದೇವಸ್ಥಾನದ ಕಮಾನಿಗೆ ಸಿಕ್ಕಿಕೊಳ್ಳುತ್ತದೆ. ಟಯರಿನ ಗಾಳಿ ಬಿಟ್ಟರೆ ಎರಡಿಂಚು ಸಿಗುತ್ತದೆ. ಸಾಲದಿದ್ದರೆ ಮೇಲಿನ ಎರಡು ಸಾಲು ಸೀಯಾಳ ಇಳಿಸಬೇಕು. ಹಿಂದೆ ಬಸ್ಸು, ಅದರ ಹಿಂದೆ ಆಂಬುಲೆನ್ಸು. ಇಳಿಸಲು ಮೊದಲು ಕೈಹಾಕುವವರು ಆಚೆಯ ಅಂಗಡಿಯ ಬ್ಯಾರಿಗಳು, ಈಚೆ ಗ್ಯಾರೇಜಿನ ಕ್ರಿಶ್ಚಿಯನ್ ಹುಡುಗರು. ಯಾಕೆಂದರೆ ಅವರ ಕಮಾನಿನಡಿ ಅವರ ಲಾರಿ ಸಿಕ್ಕಿಕೊಂಡಾಗ ಇದೇ ಕೆಲಸ ಇವರು ಮಾಡಿದ್ದರು. ಅನುಭವ ಇರುವವರ ಕೈ ಬೇಗ ಓಡುತ್ತದೆ.

ಮುಂದಿನ ಸಭೆಯಲ್ಲಿ ಚರ್ಚೆಯಾಯಿತು. ಕಮಾನು ಕೆಡವುವುದೇ ಎಂದು ಒಬ್ಬರು ಕೇಳಿದರು. ಅವರನ್ನು ಮಾತು ಮುಗಿಸಲು ಬಿಡಲಿಲ್ಲ. ಕಮಾನನ್ನು ಮೂರಡಿ ಎತ್ತರಿಸಿ ಶಿಲಾಮಯ ಮಾಡುವುದೆಂದು ತೀರ್ಮಾನವಾಗಿ, ಸ್ವಾಗತ ಗೋಪುರ ಜೀರ್ಣೋದ್ಧಾರ ಸಮಿತಿ ರಚನೆಯಾಗಿದೆ. ರಸ್ತೆಗೆ ಕಾಂಕ್ರೀಟು ಹಾಕಿದ ಗುತ್ತಿಗೆದಾರರೇ ಗೌರವಾಧ್ಯಕ್ಷರು. ಮನವಿ ಪತ್ರ ಬಿಡುಗಡೆ ಬರುವ ಆದಿತ್ಯವಾರ.