ಆ '90%' ಪಿರಮಿಡ್ ಬಗ್ಗೆ ಒಂದು ಸ್ಪಷ್ಟನೆ

ಟೀಚರ್ಸ್ ಗ್ರೂಪ್‌ಗಳಲ್ಲಿ ಒಂದು ಪಿರಮಿಡ್ ಚಿತ್ರ ಮತ್ತೆ ಓಡಾಡ್ತಿದೆ, ಪಾಠ ಕೇಳಿದ್ರೆ 5%, ಓದಿದ್ರೆ 10%, ಇನ್ನೊಬ್ರಿಗೆ ಹೇಳ್ಕೊಟ್ರೆ 90% ನೆನಪಿರುತ್ತಂತೆ. ಈ ನಂಬರ್‌ಗಳಿಗೆ ಆಧಾರ ಇಲ್ಲ. ಅಮೆರಿಕದ ಶಿಕ್ಷಣ ತಜ್ಞ ಎಡ್ಗರ್ ಡೇಲ್ ಹೆಸರಿಗೆ ಇದನ್ನ ಅಂಟಿಸ್ತಾರೆ, ಆದ್ರೆ ಅವರು 1946ರಲ್ಲಿ ಕೊಟ್ಟ ಅನುಭವದ ಶಂಕುವಿನಲ್ಲಿ (ನೇರ ಅನುಭವದಿಂದ ಬರೀ ಮಾತಿನವರೆಗೆ ಕಲಿಕೆಯ ಬಗೆಗಳನ್ನ ಜೋಡಿಸಿದ ಚಿತ್ರ) ಒಂದೂ ಪರ್ಸೆಂಟೇಜ್ ಇರ್ಲಿಲ್ಲ, ಅದು ನೆನಪಿನ ಲೆಕ್ಕವೇ ಅಲ್ಲ.

ಹಾಗಂತ ಗ್ರೂಪ್ ಸ್ಟಡಿ ನಿಲ್ಲಿಸ್ಬೇಡಿ ದಯವಿಟ್ಟು. ಗೆಳತಿಗೆ ಲೆಕ್ಕ ವಿವರಿಸೋಕೆ ಕೂತಾಗಲೇ ತನಗೆ ಯಾವ ಸ್ಟೆಪ್ ಗೊತ್ತಿಲ್ಲ ಅಂತ ಮಗುಗೆ ತಿಳಿಯೋದು, ನಿಜವಾದ ಲಾಭ ಅಲ್ಲಿದೆ. ಚಟುವಟಿಕೆ ಮಾಡಿಸ್ತಾ ಕಲಿಸೋ ನಮ್ಮ ನಲಿ-ಕಲಿ ತರಗತಿಯಲ್ಲೂ ಸಹಪಾಠಿಗಳ ನೆರವಿನ ಗುಂಪು ಇದೆ, ಆದ್ರೆ ಪಕ್ಕದಲ್ಲೇ ಶಿಕ್ಷಕರ ನೆರವಿನ ಗುಂಪೂ ಇದೆ, ಅದನ್ನ ಮರೀತೀವಿ.

ನನಗೆ ಬೇಜಾರಾಗೋದು ಈ 90% ನಂಬಿ ಎಸ್ಸೆಸ್ಸೆಲ್ಸಿ ಮಕ್ಕಳನ್ನ ಅವರಷ್ಟಕ್ಕೇ ಕೂರಿಸಿ ಹೋಗೋದಕ್ಕೆ, ಅದೇ ಜಾಣ ಹುಡುಗಿ ದಿನಾ ಹೇಳ್ಕೊಡ್ತಾ ಇರ್ತಾಳೆ, ಉಳಿದವ್ರು ಕಾಪಿ ಮಾಡ್ಕೋತಾರೆ, ಒಬ್ಬಳು ತಪ್ಪು ಸೂತ್ರ ಹೇಳಿದ್ರೆ ಎಲ್ರಿಗೂ ಅದೇ ತಪ್ಪು. ನಾಲ್ಕೈದು ಮಕ್ಕಳ ಗುಂಪು ಸಾಕು, ಹೇಳ್ಕೊಡೋ ಸರದಿ ಬದಲಾಗ್ತಾ ಇರ್ಲಿ, ಕೊನೇಲಿ ಟೀಚರ್ ಕೂತು ಉತ್ತರ ನೋಡ್ಲಿ. ಆ ಚಿತ್ರ ಫಾರ್ವರ್ಡ್ ಮಾಡಿದ್ರೆ ಇದನ್ನೂ ಅದೇ ಗ್ರೂಪಿಗೆ ಕಳ್ಸಿ.