ನಕ್ಷೆಗೆ ಹಳದಿ ಬಳಿದರೆ ಗುಡ್ಡದ ಬರೆ ಗಟ್ಟಿಯಾಗುತ್ತದೆಯೇ?

ಮಡಿಕೇರಿಯಲ್ಲಿ ಸೈಟು ನೋಡುವವರು ಊರಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ನಕ್ಷೆಯಲ್ಲಿ ಹಳದಿ, ಅಂದರೆ ವಸತಿ ವಲಯ, ಕಂಡ ಕೂಡಲೇ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಸಂಕಟವಾಗುತ್ತದೆ. ಆ ಬಣ್ಣ ಹೇಳುವುದು ಜಾಗದ ಬಳಕೆಯನ್ನಷ್ಟೇ, ಇಳಿಜಾರು ಎಷ್ಟು, ಮಣ್ಣು ಎಂಥದ್ದು ಎಂದಲ್ಲ. ಕೃಷಿ ಜಮೀನಿಗೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಕೃಷಿಯೇತರ ಬಳಕೆಗೆ ಪರಿವರ್ತನೆ ಬೇಕು. ನಕ್ಷೆಯಲ್ಲಿನ ವಲಯವನ್ನೇ ಬದಲಿಸಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಮು. ಎರಡೂ ಒಂದೇ ಎಂದುಕೊಂಡು ಅಲೆಯುವವರೇ ಹೆಚ್ಚು.

ಆಮೇಲೆ ಜೆಸಿಬಿ ತಂದು ಬರೆಯನ್ನು, ಅಂದರೆ ಗುಡ್ಡದ ಇಳಿಜಾರು ಬದಿಯನ್ನು, ನೆಟ್ಟಗೆ ಕಡಿಯುತ್ತಾರೆ, ಆ ಮಣ್ಣಿನಿಂದಲೇ ತೋಡು (ನೀರು ಹರಿಯುವ ಸಣ್ಣ ಹಳ್ಳ) ಮುಚ್ಚುತ್ತಾರೆ. ಮಳೆನೀರು ಇಂಗಿ ಮಣ್ಣು ಭಾರವಾದಾಗ, ನೀರು ಹೊರಹೋಗಲು ಪೈಪಿಡದ ತಡೆಗೋಡೆಯೂ ಜೊತೆಗೇ ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದು ಇಷ್ಟು ಬೇಗ ಮರೆತುಹೋಯಿತೇ? ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕಾದ ನಕ್ಷೆಯಲ್ಲಿ ಇಳಿಜಾರು, ತೋಡುಗಳನ್ನೂ ಎದ್ದು ಕಾಣುವಂತೆ ತೋರಿಸಿ.